ನೈಲಾನ್ ಎಳೆ

"ಕಣ್ಣು ಮುಚ್ಕೊಳ್ಳಿ. ಈ ಎಳೆ ಪಾದಕ್ಕೆ ತಾಗಿದಾಗೆಲ್ಲ ಹೇಳಿ," ಎಂದಳು ನರ್ಸ್ ಅಮಿತಾ, ಮಾದೇವನ ಬಲಗಾಲನ್ನು ಸ್ಟೂಲಿನ ಮೇಲೆ ಇರಿಸುತ್ತ. ಕುಮಟೆಯ ಆ ಕ್ಲಿನಿಕ್ಕಿನಲ್ಲಿ ಸಕ್ಕರೆ ಕಾಯಿಲೆಯವರಿಗೆ ಹೊಸ ಯೋಜನೆ ಶುರುವಾಗಿತ್ತು. ವರ್ಷಕ್ಕೆ ಸಾವಿರದ ಇನ್ನೂರು ಕಟ್ಟಿದರೆ ರಕ್ತ, ಕಣ್ಣು, ಪಾದದ ತಪಾಸಣೆ ಎಲ್ಲವೂ ಅದರಲ್ಲೇ. ಸೇರುವ ಮೊದಲು ಪಾದವನ್ನಷ್ಟೇ ಪುಕ್ಕಟೆ ನೋಡುತ್ತಿದ್ದರು. ಇನ್ನೂ ತುಂಬದ ಅರ್ಜಿಯನ್ನು ಅವನ ಹೆಂಡತಿ ವಸಂತಿ ನಾಲ್ಕಾಗಿ ಮಡಚಿ ಹಿಡಿದಿದ್ದಳು.

"ಕಾಗಾಲದ ಗದ್ದೇಲಿ ಬರಿಗಾಲಲ್ಲಿ ತಿರುಗಿದ ಕಾಲು ಇದು, ತಂಗಿ. ಮೊದಲು ಕೆಸರೊಳಗಿನ ಚಿಪ್ಪು ತಾಗಿದ್ರೆ ನೋವಿಗೆ ಕುಣೀತಿದ್ದೆ. ಈಗ ಎಂತದೂ ಆಗೂದಿಲ್ಲ, ಅಷ್ಟು ಗಟ್ಟಿಯಾಗ್ಯದೆ," ಎಂದ ಮಾದೇವ ಕಣ್ಣು ಮುಚ್ಚಿಕೊಂಡು. "ಸರಿ ಇದ್ದ ಕಾಲಿಗೆ ದುಡ್ಡು ಕಟ್ಟೂಕೆ ನನಗೇನು ಮಳ್ಳಾ?"

ವಸಂತಿಗೆ ಪಕ್ಕದ ಮನೆಯ ಭಾಸ್ಕರ ನೆನಪಾದ. ಸಕ್ಕರೆ ಕಾಯಿಲೆಯಿಂದ ಗಾಯ ಬಲಿತು ಅವನ ಕಾಲು ತೆಗೆಯಬೇಕಾದಾಗ ಆ ಮನೆಯವರ ಅರ್ಧ ಗದ್ದೆ ಮಾರಿಹೋಗಿತ್ತು. ಆದರೆ ಭಾಸ್ಕರ ಮೊದಲಿಂದಲೂ ಕುಂಟುತ್ತಿದ್ದ. ಮಾದೇವ ಹಾಗಲ್ಲ, ಬೆಳಿಗ್ಗೆಯಷ್ಟೇ ಬಸ್ಸಿಗೆ ಓಡಿದ್ದ.

ಅಮಿತಾ ಎಳೆಯನ್ನು ಅವನ ಹೆಬ್ಬೆರಳಿಗೆ ಒತ್ತಿದಳು. ಎಳೆ ಬಾಗಿತು. ಮಾದೇವ ಸುಮ್ಮನಿದ್ದ. ಕಿರುಬೆರಳಿಗೆ ಒತ್ತಿದಳು, ಅಂಗಾಲಿನ ಮೂರು ಕಡೆ ಒತ್ತಿದಳು. ಪ್ರತಿ ಸಲವೂ ಎಳೆ ಬಾಗುವುದನ್ನು ವಸಂತಿ ನೋಡಿದಳು. ಗಂಡನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಎಂತ ತಂಗಿ," ಮಾದೇವ ಕಣ್ಣು ಮುಚ್ಚಿಕೊಂಡೇ ನಕ್ಕ, "ಇನ್ನೂ ಶುರು ಮಾಡ್ಲಿಲ್ವಾ?"

ವಸಂತಿ ಅರ್ಜಿಯ ಮಡಿಕೆ ಬಿಡಿಸಿ, ಮೇಜಿನ ಮೇಲಿದ್ದ ಪೆನ್ನಿಗೆ ಕೈ ಚಾಚಿದಳು.