ನಲವತ್ತೊಂದು ಮಂದಿ ಬಲ್ಲ ಹಾಡುಗಾರ

ನೆಟ್ಟಿನಲ್ಲಿ ಎಷ್ಟು ಹುಡುಕಿದರೂ ಸಿಗದಂಥ ಒಂದು ಹೆಸರು ಬೇಕಾಗಿತ್ತು. ಬೊಂಬಾಯಿ ಪಕ್ಕದ ತುರ್ಭೆಯ ಆ ಫೋನ್ ಸರ್ವೆ ಆಫೀಸಿನಲ್ಲಿ ಬೆಳಿಗ್ಗೆಯಿಂದ ಅದೇ ತಲೆಬಿಸಿ. ಕೆನಡಾದ ರಾಕ್ ಮತ್ತು ಪಾಪ್ ಹಾಡುಗಾರರಲ್ಲಿ ಯಾರ್ಯಾರನ್ನು ಅಮೆರಿಕದ ಜನ ಬಲ್ಲರು ಎಂದು ಫೋನಿನಲ್ಲಿ ಕೇಳಿ ತಿಳಿಯುವ ಕೆಲಸ ಬಂದಿತ್ತು. ಪಟ್ಟಿಯಲ್ಲಿ ಹತ್ತೊಂಬತ್ತು ನಿಜವಾದ ಹೆಸರು, ಇಪ್ಪತ್ತನೆಯದು ಸುಳ್ಳು. ಆ ಸುಳ್ಳು ಹೆಸರನ್ನೂ ಗೊತ್ತು ಎಂದವನು ಕೇಳಿದ್ದಕ್ಕೆಲ್ಲ ತಲೆಯಾಡಿಸುವ ಆಸಾಮಿ. ಅವನ ಉತ್ತರಗಳನ್ನು ಪೂರ್ತಿ ಕಿತ್ತುಹಾಕುವುದು ಈ ಕಸುಬಿನ ಪದ್ಧತಿ.

"ಮಾಂಟಿ ಕೊಟ್ಟಾರಿ," ಎಂದಳು ಅಲ್ಲಿ ಕೆಲಸಕ್ಕಿದ್ದ ಜಯಲತಾ. ಬಾಯಿಂದ ಹೇಗೆ ಜಾರಿತೋ ಅವಳಿಗೇ ತಿಳಿಯಲಿಲ್ಲ.

ಟೀಮ್ ಲೀಡರ್ ಯತಿನ್ ಟೈಪ್ ಮಾಡಿ ನೋಡಿದ. "ಪರ್ಫೆಕ್ಟ್, ಮ್ಯಾಡಮ್. ಕುಛ್ ಭೀ ನಹೀ ಆ ರಹಾ." ಏನೂ ಬರುತ್ತಿಲ್ಲವೆಂದು ಅವನಿಗೆ ಖುಷಿಯೋ ಖುಷಿ. ಆ ಹೆಸರನ್ನು ಅವನು ಪಟ್ಟಿಗೆ ಸೇರಿಸುವುದನ್ನು ಜಯಲತಾ ನೋಡುತ್ತ ಕುಳಿತಳು. ಮಾಂಟಿ ಕೊಟ್ಟಾರಿ ಎಂದರೆ ಅವಳ ಗಂಡ ಮುಂಡಪ್ಪ. ಇಪ್ಪತ್ತೆಂಟು ವರ್ಷ ಡೊಂಬಿವಲಿ, ಕಲ್ಯಾಣ, ಠಾಣೆಯ ಸ್ಟೇಜುಗಳಲ್ಲಿ ಆರ್ಕೆಸ್ಟ್ರಾ ಹಾಡಿದವನು. ಮುಂಡಪ್ಪ ಎನ್ನುವ ಹೆಸರು ಪೋಸ್ಟರಿಗೆ ಒಪ್ಪುವುದಿಲ್ಲವೆಂದು ಯಾರೋ ಮಾಂಟಿ ಮಾಡಿದ್ದರು. ಎರಡು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಗಿ ಸ್ವರ ಹೋಯಿತು. ಈಗ ಕತ್ತಿನ ತೂತಿಗೆ ಬೆರಳೊತ್ತಿ ಹಿಡಿದರೆ ನಾಲ್ಕು ಮಾತು ಗೊರಗೊರ ಎಂದು ಹೊರಡುತ್ತದೆ. ಅದನ್ನು ಕೇಳಲು ಅವನಿಗೇ ಹೇಸಿಗೆ. ಹಾಗಾಗಿ ಮಾತನ್ನೇ ಬಿಟ್ಟು, ದಿನವಿಡೀ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದ.

ಮೂರು ವಾರ ಕಳೆದು ಉತ್ತರಗಳು ಬಂದವು. ಸಾವಿರದ ಇನ್ನೂರು ಜನರಲ್ಲಿ ನಲವತ್ತೊಂದು ಮಂದಿ ಮಾಂಟಿ ಕೊಟ್ಟಾರಿಯನ್ನು ಬಲ್ಲೆವು ಎಂದಿದ್ದರು. ಅವರ ರೆಕಾರ್ಡಿಂಗ್ ಕೇಳಿ, ಕಾರಣ ಬರೆದು, ಒಬ್ಬೊಬ್ಬರನ್ನೇ ತೆಗೆದುಹಾಕುವ ಕೆಲಸ ಜಯಲತಾಳ ಪಾಲಿಗೇ ಬಿತ್ತು. ಹೆಚ್ಚಿನವರು ಹೌದು ಹೌದು ಎಂದು ಫೋನು ಇಟ್ಟರೆ ಸಾಕೆಂದಿದ್ದವರು. ಒಬ್ಬ ಮುದುಕಿ ಮಾತ್ರ ಸಾವಕಾಶ ಮಾತಾಡಿದ್ದಳು. ಮಾಂಟಿ ಎಂದರೆ ತೀರಿಹೋದ ತನ್ನ ಗಂಡನಿಗೆ ಪ್ರಾಣ, ಕಾರಿನಲ್ಲಿ ಬೇರೆ ಯಾರ ಹಾಡನ್ನೂ ಹಾಕಲು ಬಿಡುತ್ತಿರಲಿಲ್ಲ. ಮಾಂಟಿ ಕೆನಡಾದವನೋ ಎಂದು ಕೇಳಿದರೆ, ಛೆ, ಅಲ್ಲ, ನಮ್ಮವನೇ ಎಂದಿದ್ದಳು. ಅದೇನು ದೊಡ್ಡದಲ್ಲ. ನಿಜವಾದ ಹತ್ತೊಂಬತ್ತು ಜನರಲ್ಲೂ ಅರ್ಧಕ್ಕರ್ಧ ಮಂದಿಯನ್ನು ಅಮೆರಿಕದವರು ಹೀಗೇ ನಮ್ಮವರು ಎಂದು ಒಳಗೆ ಹಾಕಿಕೊಂಡಿದ್ದರು. ಹಾಡು ಗೊತ್ತು, ಹಾಡಿದವನ ಊರು ಯಾರಿಗೆ ಬೇಕು.

ಆ ಸಂಜೆ ನೆರೂಳದ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಹೇಳಿದಳು. "ಇಲ್ಲಿ ಕೇಳಿ. ಅಮೆರಿಕದಲ್ಲಿ ನಲವತ್ತೊಂದು ಜನರಿಗೆ ನಿಮ್ಮ ಗುರ್ತ ಉಂಟಂತೆ."

ಪಟ್ಟಿಗೆ ಹೆಸರು ಕೊಟ್ಟದ್ದು ತಾನೇ ಎಂದಳು. ಮುದುಕಿಯ ಕಥೆ ಹೇಳಿದಳು. ಆ ಹೆಸರು ಪಟ್ಟಿಯಲ್ಲಿ ಯಾಕಿತ್ತು ಎನ್ನುವುದೊಂದನ್ನು ನುಂಗಿಕೊಂಡಳು. ಮುಂಡಪ್ಪ ಗೋಡೆಯಿಂದ ಈಚೆ ತಿರುಗಿ ಎದ್ದು ಕುಳಿತ. ಬೆರಳು ಕತ್ತಿಗೆ ಹೋಯಿತು.

"ಅದು ಹೇಗೆ? ನಾನು ಠಾಣೆ ದಾಟಿ ಹಾಡಿದವ ಅಲ್ಲ."

"ಯಾರಾದ್ರೂ ಕ್ಯಾಸೆಟ್ ತಕ್ಕೊಂಡು ಹೋಗಿರ್ಬಹುದು. ನಮಗೆಂತ ಗೊತ್ತು?"

"ಊರಿಗೆ ಹೋದ್ರೆ ನಾನು ಬೊಂಬಾಯಿಯವ. ಇಲ್ಲಿ ಮದ್ರಾಸಿ." ಅಷ್ಟಕ್ಕೇ ಕೆಮ್ಮು ಬಂದು ಉಸಿರಿಗಾಗಿ ಕಾದ. "ಆ ಅಜ್ಜಿ ಎಂತ ಹೇಳಿದ್ಲು? ಇನ್ನೊಮ್ಮೆ ಹೇಳು."

"ನಮ್ಮವನೇ ಅಂತ ಹೇಳಿದ್ಲು."

ಮೂರು ಸಲ ಹೇಳಿಸಿಕೊಂಡ. ತಾನಾಗಿಯೇ ಎದ್ದು ಹೋಗಿ ತಿಂಗಳ ಗಡ್ಡ ಬೋಳಿಸಿದ. ಇನ್ನೊಂದು ಸೌಟು ಗಂಜಿ ಕೇಳಿ ಹಾಕಿಸಿಕೊಂಡ. ಜಯಲತಾ ಒಲೆಯ ಕಡೆ ತಿರುಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಸುಳ್ಳೋ ಪಳ್ಳೋ, ಗಂಡ ವಾಪಸು ಬಂದನಲ್ಲ ಎನ್ನಿಸಿತು. ಆಗ ಅವನು ಬೆರಳೊತ್ತಿಕೊಂಡು ಹೇಳಿದ: "ಆ ಅಜ್ಜಿಯ ಸ್ವರ ಒಮ್ಮೆ ಕೇಳ್ಬೇಕು ನನಗೆ. ನಾಳೆ ಮೊಬೈಲಲ್ಲಿ ಹಾಕಿಕೊಂಡು ಬಾ."

"ಆಯ್ತು," ಎಂದಳು. ಇನ್ನೇನು ಹೇಳುವುದು? ಮೊಬೈಲನ್ನು ಗೇಟಿನಲ್ಲಿ ಒಪ್ಪಿಸಿಯೇ ಒಳಗೆ ಕಾಲಿಡಬೇಕಾದ ಆಫೀಸು ಅದು. ತೆಗೆದುಹಾಕಿದವರ ರೆಕಾರ್ಡಿಂಗ್ ಅವತ್ತೇ ಅಳಿಸಿಹೋಗುತ್ತದೆ.

ಮರುದಿನ ನಲವತ್ತು ಮಂದಿಯನ್ನು ಮುಗಿಸಿ, ಮುದುಕಿಯನ್ನು ಕೊನೆಗೆ ಉಳಿಸಿಕೊಂಡಳು. ಇಯರ್‌ಫೋನಿನಲ್ಲಿ ಆ ಸ್ವರವನ್ನು ಎರಡು ಸಲ, ಮೂರು ಸಲ ಕೇಳಿದಳು. ಕಂಠಪಾಠ ಮಾಡಿಕೊಂಡು ಹೋಗಿ ಒಪ್ಪಿಸಲು ಆಗುತ್ತದೆಯೇ ಎಂದು ಯೋಚಿಸುವಷ್ಟರಲ್ಲಿ ಮೇಜಿನ ಫೋನು ಬಡಿದುಕೊಂಡಿತು. ಮೊದಲು ಬರೀ ಉಸಿರು. ಆಮೇಲೆ ಗೊರಗೊರ. ಎರಡು ವರ್ಷದಲ್ಲಿ ಮುಂಡಪ್ಪ ಯಾರಿಗೂ ಫೋನು ಮಾಡಿದವನಲ್ಲ.

"ಅಜ್ಜಿಯದ್ದು... ಉಂಟಲ್ಲ?"

ಹನ್ನೆರಡಕ್ಕೆ ಎಲ್ಲ ಕಳಿಸಿಬಿಡುವ ಅವಸರದಲ್ಲಿ ಹಿಂದೆ ಯತಿನ್ ಬಂದು ನಿಂತಿದ್ದ. "ಹೋ ಗಯಾ, ಮ್ಯಾಡಮ್? ಬಾರಾ ಬಜೇ ಭೇಜ್‌ನಾ ಹೈ."

ಜಯಲತಾ ರಿಸೀವರನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಳು. "ಉಂಟು, ಉಂಟು. ಇಲ್ಲೇ ಉಂಟು," ಎನ್ನುತ್ತಲೇ ಎರಡೂ ಕೈಯಿಂದ, ಕಾರಣ ಬರೆಯುವ ಜಾಗದಲ್ಲಿ, ನಲವತ್ತೊಂದನೆಯ ಸಲ ಟೈಪ್ ಮಾಡಿದಳು: ಈ ಹೆಸರಿನ ಗಾಯಕ ಯಾರೂ ಇಲ್ಲ.