ಮುನಿಶಾಮಿಯ ಬಿಲ್ಲೆ

ಕೊಂಡಿ ಹಾಕಿದವರು ಒಳಗಿನವರೇ. ಪರದೆಯ ಮೇಲೆ ಕೆಂಪು ಸಾಲು ಮೂಡಿದಾಗಲೇ ಕಲ್ಪನಳಿಗೆ ಅದು ಖಾತ್ರಿಯಾಯಿತು.

ಬಂಗಾರಪೇಟೆ ಸ್ಟೇಷನ್ ಎದುರಿನ ಆ ಕೋಣೆಯಲ್ಲಿ ಹಳೆಯ ಗಣಿ ಕಾರ್ಮಿಕರ ದಾಖಲೆಗಳನ್ನು ಸ್ಕ್ಯಾನ್ ಮಾಡಿ ಅವರ ಮನೆಯವರಿಗೆ ಹಂಚುತ್ತಿದ್ದರು. ಹಂಚುವ ಪ್ರೋಗ್ರಾಂ ಕಲ್ಪನಳದು. ಅದರಲ್ಲೊಂದು ತೂತಿತ್ತು. ಯಾರಾದರೂ ಫೈಲಿನ ವೇಷದಲ್ಲಿ ಒಂದು ಕೊಂಡಿ ಇಟ್ಟರೆ, ಪ್ರೋಗ್ರಾಂ ಹೆಸರನ್ನಷ್ಟೇ ನಂಬಿ ಅದರ ಹಿಂದೆ ಹೋಗಿ, ಬೀಗ ಹಾಕಿದ ಬೇರೆ ಫೋಲ್ಡರಿನಲ್ಲಿದ್ದುದನ್ನೂ ಕೊಟ್ಟುಬಿಡುತ್ತಿತ್ತು. ಇವತ್ತು ಅವಳು ತೂತು ಮುಚ್ಚಿದ್ದಳು. ಇನ್ನು ಪ್ರೋಗ್ರಾಂ ಫೈಲು ತೆರೆಯುವ ಮುನ್ನ ಆ ಹೆಸರು ಕೊನೆಗೆ ಎಲ್ಲಿ ಮುಟ್ಟುತ್ತದೆಂದು ನೋಡಬೇಕು; ಹಂಚುವ ಫೋಲ್ಡರಿನ ಗಡಿ ದಾಟಿದರೆ ತಡೆಯಬೇಕು.

ಮೊದಲ ಪರೀಕ್ಷೆಯಲ್ಲೇ ಒಂದು ಕೊಂಡಿ ಸಿಕ್ಕಿಬಿತ್ತು. ಹೆಸರು ಮುನಿಶಾಮಿ. ಅವಳ ಅಪ್ಪ.

ಅಮ್ಮನ ತವರು ಬಂಗಾರಪೇಟೆಯಲ್ಲಿ ಅವಳು ಹುಟ್ಟಿದ ದಿನವೇ ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿಯಲ್ಲಿ ಕಲ್ಲು ಸಿಡಿದಿತ್ತು. ಶವ ಸಿಗಲಿಲ್ಲ. ಗಣಿಗಿಳಿಯುವವರು ಹಾಜರಿಗೆಂದು ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆ ಕೊಟ್ಟು ಇಳಿಯಬೇಕು, ಮೇಲೆ ಬಂದು ವಾಪಸ್ ಪಡೆಯಬೇಕು. ಮುಖ ಯಾರು ನೋಡುತ್ತಾರೆ? ಮುನಿಶಾಮಿಯ ಬಿಲ್ಲೆಯನ್ನು ಕೇಳಲು ಯಾರೂ ಬರಲಿಲ್ಲ. ಮುನಿಶಾಮಿ ಸತ್ತನೆಂದು ಬರೆದರು. ಆ ಸಾವಿನಿಂದಲೇ ಅಮ್ಮ ಕನಕಮ್ಮನಿಗೆ ಗಣಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಮನೆ ನಡೆಯಿತು. ಅಪ್ಪನೆಂದರೆ ಕಲ್ಪನಳಿಗೆ ದುಃಖವೂ ಬರುತ್ತಿರಲಿಲ್ಲ. ಒಂದು ಹೆಸರು, ಅಷ್ಟೆ. ಆದರೆ ಇದ್ದುದೂ ಅದೊಂದೇ. ಅದಕ್ಕೂ ಯಾರೋ ಕೈ ಹಾಕಿದ್ದರು.

ಕೋಣೆಯಲ್ಲಿ ಅವಳನ್ನು ಬಿಟ್ಟರೆ ಇದ್ದವನು ಒಬ್ಬನೇ. ಸ್ಕ್ಯಾನ್ ಮಾಡುವ ಪೆರುಮಾಳ್ ಮಾಮ, ಅಪ್ಪನ ಗೆಳೆಯ. ಗಣಿಯಲ್ಲಿ ದುಡಿದವನು, ಆದರೆ ಚಾಂಪಿಯನ್ ರೀಫ್ಸ್ ಕಡೆಗೆ ತಲೆ ಹಾಕಿಯೂ ಮಲಗನು. ಹೆಸರು ಹಿಡಿದು ಕರೆದರೆ ಎರಡನೇ ಸಲಕ್ಕೆ ತಿರುಗುವನು. ಕಿವಿ ಮಂದ ಎಂದುಕೊಂಡಿದ್ದಳು. ಅಮ್ಮ ಅವನಿಗೂ ದಿನಾ ಡಬ್ಬಿ ಕಟ್ಟಿ ಕಳಿಸುತ್ತಿದ್ದಳು.

"ಮಾಮ, ಅಪ್ಪನ ಹೆಸರಲ್ಲಿ ಕೊಂಡಿ ಹಾಕಿದ್ದು ನೀನಾ?"

"ಊಂ ಕಣಮ್ಮ. ನೀನೇ ಕಲ್ಸಿದ್ದಲ್ಲ."

"ನಾಳೆಯಿಂದ ಬರಬೇಡ." ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ಬರಲ್ಲ ಬಿಡು. ಅದು ಎಲ್ಲಿಗೋಯ್ತದೆ ಅಂತ ಒಂದ್ಸಲ ನೋಡು."

ಕೊಂಡಿ ಮುಟ್ಟುತ್ತಿದ್ದುದು ಅವನದೇ ಫೋಲ್ಡರನ್ನು. ಒಳಗೊಂದು ಹಳೆಯ ಫೋಟೊ: ಬಂಗಾರಪೇಟೆ ಆಸ್ಪತ್ರೆ, ಹರೆಯದ ಮಾಮ, ಅವನ ಕೈಯಲ್ಲಿ ಒಂದು ಕೂಸು. ಮೂಲೆಯಲ್ಲಿ ಅವಳು ಹುಟ್ಟಿದ ತಾರೀಖು.

"ಅವತ್ತು ನೀನೂ ನನ್ನ ನೋಡೋಕೆ ಬಂದಿದ್ಯಾ?"

"ಬಂದಿದ್ದೆ," ಎಂದ ಮುದುಕ. "ಆಜರಿ ತಪ್ಪಬಾರ್ದು ಅಂತ ನನ್ನ ಬಿಲ್ಲೆ ಕೊಟ್ಟು ಕೆಳಗಿಳಿದೋನು ಪೆರುಮಾಳು."