ಅಳಿಯನ ಸಂಕೋಚ

ಮೊದಲ ದೀಪಾವಳಿಯ ಉಡುಗೊರೆಯೆಂದು ಅಳಿಯನಿಗೆ ಪುಟ್ಟ ಡಿಜಿಟಲ್ ಕ್ಯಾಮೆರಾ ಕೊಡಿಸಲು ಮಾವ ಅಂಗಡಿಗೆ ಕರೆತಂದಿದ್ದರು. ಸಂಜೆ ಮನೆಯಲ್ಲಿ ಮಾವನ ಹರಿಕಥೆ. ಅದನ್ನು ವಿಡಿಯೋ ಮಾಡುವ ಕೆಲಸ ಅಳಿಯನದು. "ಕ್ಯಾಮೆರಾ ಆಫ್ ಆಗೋ ತನಕ ಅಪ್ಪ ನಿಲ್ಸಲ್ಲ ಕಣ್ರೀ," ಎಂದು ಹೆಂಡತಿ ಮೊದಲೇ ಎಚ್ಚರಿಸಿದ್ದಳು.

"ಇದರ ಬ್ಯಾಟರಿ ಮೂರು ಗಂಟೆ ಬರತ್ತೆ ಸಾರ್," ಎಂದ ಅಂಗಡಿಯವನು.

"ಅಷ್ಟೆಲ್ಲ ಯಾಕೆ? ಕಮ್ಮಿ ಬರೋದು ತೋರಿಸಿ," ಎಂದ ಅಳಿಯ.

"ಇದು ಒಂದೂವರೆ ಗಂಟೆ."

"ಇನ್ನೂ ಕಮ್ಮಿ?"

ಅಂಗಡಿಯವನು ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಒಂದನ್ನು ತೆಗೆದ. "ಇದು ಅರ್ಧ ಗಂಟೆಗೇ ಸುಸ್ತು."

"ಇದೇ ಇರ್ಲಿ."

ಮಾವನ ಕಣ್ಣು ತುಂಬಿಬಂತು. "ನನಗೆ ಖರ್ಚಾಗಬಾರದು ಅಂತ ಅಗ್ಗದ್ದೇ ಆರಿಸ್ಕೊಂಡ್ರಲ್ಲ! ಎಂಥ ಸಂಕೋಚ ನಮ್ಮ ಅಳಿಯಂದಿರದು!" ಎಂದು ಅಂಗಡಿಯವನ ಕಡೆ ತಿರುಗಿದರು.

"ಉಳಿದ ದುಡ್ಡಿಗೆಲ್ಲ ಇದರದೇ ಬ್ಯಾಟರಿ ಕೊಟ್ಬಿಡಿ."